ಉಟ್ಟ ಬಟ್ಟೆ ಹೇಳುವ ಮಾತು: ನಾಗಾ ಮಹಿಳೆಯರ ಹಬ್ಬದ ಉಡುಪು ಮತ್ತು ಒಡವೆ



ಗಣರಾಜ್ಯೋತ್ಸವದ ದಿನ ದೆಹಲಿಯ ಮೆರವಣಿಗೆಯನ್ನು ನೀವು ದೂರದರ್ಶನದಲ್ಲಿ ನೋಡಿರುತ್ತೀರಿ. ಈಶಾನ್ಯ ರಾಜ್ಯಗಳ ಕಲಾವಿದರು ಪರದೆಯ ಮೇಲೆ ಬಂದಾಗ, ಕೆಂಪು, ಕಪ್ಪು, ಬಿಳಿ ಪಟ್ಟೆಗಳ ಬಟ್ಟೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿಕೊಂಡ ನಾಗಾ ಹೆಣ್ಣುಮಕ್ಕಳು ಹೆಜ್ಜೆಗೆ ಹೆಜ್ಜೆ ಸೇರಿಸಿ ಸಾಗುವುದನ್ನೂ ಕಂಡಿರಬಹುದು. "ಎಷ್ಟು ಚೆಂದದ ವೇಷ!" ಎಂದು ಮನೆಯಲ್ಲಿ ಯಾರಾದರೂ ಹೇಳಿರಲೂಬಹುದು. ಅಷ್ಟರಲ್ಲಿ ದೃಶ್ಯ ಬದಲಾಗುತ್ತದೆ. ಆ ಬಟ್ಟೆಯ ವಿಷಯ ನಾವು ಮರೆತುಬಿಡುತ್ತೇವೆ.

'ವೇಷ' ಎಂಬ ಮಾತನ್ನು ಸ್ವಲ್ಪ ಗಮನಿಸಿ. ಯಕ್ಷಗಾನದ ಕಲಾವಿದರು ವೇಷ ಹಾಕುತ್ತಾರೆ. ತಾವಲ್ಲದ ಇನ್ನೊಬ್ಬರಾಗಿ ರಂಗಸ್ಥಳಕ್ಕೆ ಬರುತ್ತಾರೆ. ಆದರೆ ಹಬ್ಬದ ದಿನ ನಾಗಾ ಹೆಣ್ಣುಮಗಳು ಉಡುವ ಬಟ್ಟೆ ವೇಷವಲ್ಲ. ಅದು ಅವಳ ಸ್ವಂತ ಗುರುತು. ತಾನು ಯಾವ ಜನಾಂಗದವಳು, ಕೆಲವೆಡೆ ಯಾವ ಕುಲದವಳು, ತನ್ನ ಮನೆತನ ಊರಿಗೆ ಏನು ಮಾಡಿದೆ ಎಂಬುದನ್ನೆಲ್ಲ ಅದು ಹೇಳುತ್ತಿತ್ತು. ಅಕ್ಷರ ಬಾರದ ಕಾಲದಲ್ಲಿ ನೂಲಿನಲ್ಲೂ ಮಣಿಯಲ್ಲೂ ಬರೆದಿಟ್ಟ ದಾಖಲೆ ಎಂದು ಬೇಕಾದರೆ ಹೇಳಬಹುದು. ಆ ದಾಖಲೆಯನ್ನು ಓದುವುದು ಹೇಗೆ? ಅದನ್ನು ಬರೆದವರು ಯಾರು? ಇಂದು ಅದರ ಸ್ಥಿತಿ ಏನು? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಮುಂದೆ ಹೋಗೋಣ.

ನಾಗಾ ಎಂದರೆ ಒಂದೇ ಜನಾಂಗವಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಿಕೊಳ್ಳಬೇಕು. 'ನಾಗಾ' ಎಂಬುದು ಒಂದು ಜನಾಂಗದ ಹೆಸರಲ್ಲ, ಹಲವು ಜನಾಂಗಗಳ ಒಟ್ಟು ಹೆಸರು. ಅಂಗಾಮಿ, ಆವೋ, ಸುಮಿ, ಲೋಥಾ, ಕೊನ್ಯಾಕ್, ಚಾಖೆಸಾಂಗ್, ಚಾಂಗ್, ಫೋಮ್, ಸಂಗ್ತಾಮ್, ರೆಂಗ್ಮಾ, ಜೆಲಿಯಾಂಗ್, ಪೊಚುರಿ ಮುಂತಾದವರು ನಾಗಾಲ್ಯಾಂಡಿನಲ್ಲಿದ್ದಾರೆ. ತಾಂಗ್ಖುಲ್, ಮಾವೋ ಮೊದಲಾದವರು ಮಣಿಪುರದ ಬೆಟ್ಟಗಳಲ್ಲಿದ್ದಾರೆ. ಅರುಣಾಚಲ ಪ್ರದೇಶ, ಅಸ್ಸಾಂ ಹಾಗೂ ಗಡಿಯಾಚೆ ಮ್ಯಾನ್ಮಾರ್‌ನಲ್ಲೂ ನಾಗಾ ಜನರಿದ್ದಾರೆ. ನಾಗಾಲ್ಯಾಂಡ್ ರಾಜ್ಯವಾದದ್ದು 1963ರ ಡಿಸೆಂಬರ್ 1ರಂದು; ರಾಜಧಾನಿ ಕೊಹಿಮಾ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 19 ಲಕ್ಷ 78 ಸಾವಿರ.

ಇಷ್ಟು ಚಿಕ್ಕ ನಾಡಿನಲ್ಲಿ ಒಂದು ಜನಾಂಗದ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಎದುರು ಬೆಟ್ಟದ ಹಳ್ಳಿಯವರ ಮಾತು ಬೇರೆ, ಹಬ್ಬ ಬೇರೆ. ಅಂಗಾಮಿಗಳಿಗೆ ಫೆಬ್ರವರಿಯ ಸೆಕ್ರೆನ್ಯಿ, ಕೊನ್ಯಾಕರಿಗೆ ಏಪ್ರಿಲ್ ಮೊದಲ ವಾರದ ಆವೋಲಿಂಗ್, ಆವೋಗಳಿಗೆ ಮೇ ತಿಂಗಳ ಮೊದಲಲ್ಲಿ ಬರುವ ಮೋಆತ್ಸು, ಸುಮಿಗಳಿಗೆ ಜುಲೈ ತಿಂಗಳ ತುಲುನಿ, ಲೋಥಾಗಳಿಗೆ ನವೆಂಬರಿನ ತೋಖು ಎಮೋಂಗ್. ಇವುಗಳಲ್ಲಿ ಹೆಚ್ಚಿನವು ಬಿತ್ತನೆ ಮತ್ತು ಸುಗ್ಗಿಯ ಜೊತೆ ಹೊಂದಿಕೊಂಡ ಹಬ್ಬಗಳು. ಹಬ್ಬಗಳು ಬೇರೆ ಬೇರೆಯಾದಂತೆ ಹಬ್ಬದ ಉಡುಪೂ ಬೇರೆ ಬೇರೆ. ಆದ್ದರಿಂದ 'ನಾಗಾ ಸೀರೆ', 'ನಾಗಾ ಶಾಲು' ಎಂಬ ಒಂದೇ ಒಂದು ಬಟ್ಟೆ ಇಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ.

ಬೆನ್ನೇ ಮಗ್ಗದ ಭಾಗ

ನಾಗಾ ಸಮಾಜದಲ್ಲಿ ಬಟ್ಟೆ ನೇಯುವುದು ಹೆಂಗಸರ ಕೆಲಸ. ಬೆತ್ತ, ಬಿದಿರಿನ ಬುಟ್ಟಿ ಹೆಣೆಯುವುದು ಗಂಡಸರದು. ಹೆಂಗಸರು ಬಳಸುವ ಮಗ್ಗಕ್ಕೆ 'ಸೊಂಟದ ಮಗ್ಗ' ಎಂದು ಕರೆಯೋಣ. ಇಳಕಲ್ಲಿನ ಸೀರೆ ನೇಯುವ ಕುಣಿಮಗ್ಗಕ್ಕೆ ಮನೆಯಲ್ಲಿ ಒಂದು ಜಾಗ ಗೊತ್ತಾಗಿರಬೇಕು, ನೆಲದಲ್ಲಿ ಗುಂಡಿ ತೋಡಿರಬೇಕು. ಸೊಂಟದ ಮಗ್ಗಕ್ಕೆ ಅದೊಂದೂ ಬೇಡ. ಕೆಲವು ಬಿದಿರಿನ ಕೋಲುಗಳು, ಒಂದೆರಡು ಮರದ ಪಟ್ಟಿಗಳು, ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ, ಇಷ್ಟೇ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಸುತ್ತಿ ಮೂಲೆಗಿಡಬಹುದು.

ಇದು ಕೆಲಸ ಮಾಡುವ ರೀತಿ ಹೀಗೆ. ಹಾಸಿನ ಎಳೆಗಳ ಒಂದು ತುದಿಯ ಕೋಲನ್ನು ಗೋಡೆಗೋ ಕಂಬಕ್ಕೋ ಕಟ್ಟುತ್ತಾರೆ. ಇನ್ನೊಂದು ತುದಿಯ ಕೋಲು ನೇಯುವವಳ ಮಡಿಲ ಹತ್ತಿರ ಬರುತ್ತದೆ. ಅದರ ಎರಡು ಕೊನೆಗಳಿಂದ ಹೊರಟ ಪಟ್ಟಿ ಅವಳ ಸೊಂಟದ ಹಿಂದೆ ಬಳಸಿಕೊಂಡಿರುತ್ತದೆ. ಅವಳು ನೆಲದ ಮೇಲೆ ಕಾಲು ಚಾಚಿ ಕುಳಿತು ಸ್ವಲ್ಪ ಹಿಂದಕ್ಕೆ ಒರಗಿದರೆ ಹಾಸು ಬಿಗಿಯಾಗುತ್ತದೆ. ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ಎಳೆಗಳ ಬಿಗುವನ್ನು ಹಿಡಿದಿಡುವುದು ಯಂತ್ರವಲ್ಲ, ಅವಳ ಬೆನ್ನು. ಹಾಸಿನ ನಡುವೆ ಹೊಕ್ಕಿನ ನೂಲನ್ನು ತೂರಿಸಿ, ಕತ್ತಿಯಾಕಾರದ ಮರದ ಪಟ್ಟಿಯಿಂದ ಬಲವಾಗಿ ಬಡಿಯುತ್ತಾಳೆ. ಚಿತ್ತಾರ ಬೇಕಾದ ಕಡೆ ಬಿದಿರಿನ ಕಡ್ಡಿಯಿಂದಲೋ ಮುಳ್ಳುಹಂದಿಯ ಮುಳ್ಳಿನಿಂದಲೋ ಎಳೆಗಳನ್ನು ಎಣಿಸಿ ಎತ್ತಿ, ಬಣ್ಣದ ನೂಲನ್ನು ಬೇರೆಯಾಗಿ ಸೇರಿಸುತ್ತಾಳೆ. ಎಣಿಕೆ ಒಂದು ಎಳೆ ತಪ್ಪಿದರೂ ಚಿತ್ತಾರ ಕೆಡುತ್ತದೆ. ಎದುರಿಗೆ ನಕ್ಷೆಯ ಕಾಗದ ಇರುವುದಿಲ್ಲ. ಲೆಕ್ಕವೆಲ್ಲ ನೆನಪಿನಲ್ಲಿ.

ಈ ಮಗ್ಗಕ್ಕೆ ಒಂದು ಮಿತಿ ಇದೆ. ಕುಳಿತಲ್ಲಿಂದ ಎರಡು ಕೈಗಳು ಆರಾಮವಾಗಿ ಎಟಕುವಷ್ಟು ಅಗಲವನ್ನು ಮಾತ್ರ ನೇಯಬಹುದು. ಆದ್ದರಿಂದ ಅಗಲವಾದ ಶಾಲು ಬೇಕಾದರೆ ಎರಡು ಅಥವಾ ಮೂರು ಪಟ್ಟಿಗಳನ್ನು ಬೇರೆ ಬೇರೆ ನೇಯ್ದು ಕೂಡಿಸಿ ಹೊಲಿಯಬೇಕು. ಹಳೆಯ ನಾಗಾ ಶಾಲಿನ ಉದ್ದಕ್ಕೂ ಹೊಲಿಗೆಯ ಗೆರೆ ಕಾಣುವುದು ಇದೇ ಕಾರಣಕ್ಕೆ. ಅದು ಹರಿದು ತೇಪೆ ಹಾಕಿದ್ದಲ್ಲ. ಸೊಂಟದ ಮಗ್ಗದಲ್ಲಿ ನೇಯ್ದದ್ದು ಎಂಬುದಕ್ಕೆ ಗುರುತು. ಗಿರಣಿಯಲ್ಲಿ ತಯಾರಾದ ನಕಲು ಶಾಲಿಗೆ ಈ ಹೊಲಿಗೆ ಬೇಕಾಗುವುದಿಲ್ಲ.

ಬಣ್ಣದ ಮೂಲ

ಹಿಂದೆ ಹತ್ತಿಯನ್ನು ಕುಮರಿ ಬೇಸಾಯದ ಹೊಲಗಳಲ್ಲೇ ಬೆಳೆಯುತ್ತಿದ್ದರು. ಬೀಜ ತೆಗೆದು, ಹಿಂಜಿ, ಕದಿರಿನಲ್ಲಿ ನೂಲು ತೆಗೆಯುವುದೂ ಹೆಂಗಸರೇ. ಚಾಖೆಸಾಂಗ್ ಮುಂತಾದವರ ಹಳ್ಳಿಗಳಲ್ಲಿ, ಮುಟ್ಟಿದರೆ ಮೈ ತುರಿಸುವ ತುರುಚೆ ಗಿಡದ ಜಾತಿಗೆ ಸೇರಿದ ಒಂದು ಗಿಡದ ನಾರಿನಿಂದಲೂ ಬಟ್ಟೆ ನೇಯುತ್ತಿದ್ದರು. ಆ ಕಲೆ ಇಂದಿಗೂ ಪೂರ್ತಿ ಮರೆಯಾಗಿಲ್ಲ.

ಕಪ್ಪೆಂದು ನಮಗೆ ಕಾಣುವ ಬಣ್ಣ ಅನೇಕ ವೇಳೆ ಅತಿ ದಟ್ಟವಾದ ನೀಲಿ. ಅದನ್ನು ಕೊಡುವ ಗಿಡ, ನಮ್ಮ ಪಶ್ಚಿಮ ಘಟ್ಟಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಹೂಬಿಡುವ ಕುರಿಂಜಿಯ ಬಳಗಕ್ಕೆ ಸೇರಿದ್ದು. ಅದರ ಎಲೆಗಳ ಬಣ್ಣದಲ್ಲಿ ನೂಲನ್ನು ಮತ್ತೆ ಮತ್ತೆ ಅದ್ದಿ ಒಣಗಿಸಿದಂತೆ ನೀಲಿ ಗಾಢವಾಗುತ್ತ ಹೋಗುತ್ತದೆ. ಕೆಂಪು ಬಣ್ಣ ಮಂಜಿಷ್ಠದ ಜಾತಿಯ ಬಳ್ಳಿಯಿಂದ ಬರುತ್ತಿತ್ತು. ಈ ಮಂಜಿಷ್ಠ ನಮ್ಮ ಆಯುರ್ವೇದದ ಅಂಗಡಿಗಳಲ್ಲೂ ಪರಿಚಿತ ಹೆಸರು. ಆವೋ ಹಳ್ಳಿಗಳಲ್ಲಿ ಕೆಂಪು ಬಣ್ಣ ಅದ್ದುವ ಕೆಲಸವನ್ನು ಎಳೆಯ ಹೆಣ್ಣುಮಕ್ಕಳಿಗೆ ಬಿಡುತ್ತಿರಲಿಲ್ಲ, ವಯಸ್ಸಾದವರೇ ಮಾಡುತ್ತಿದ್ದರು. ಕೆಂಪು ರಕ್ತದ ಬಣ್ಣ, ಎಳೆಯರು ಅದನ್ನು ಮುಟ್ಟಿದರೆ ಅಪಮೃತ್ಯು ಬಂದೀತು ಎಂಬ ಭಯ ಅದರ ಹಿಂದಿತ್ತು. ತಲೆ ಕಡಿಯುವ ಕಾಳಗಗಳು ನಡೆಯುತ್ತಿದ್ದ ಕಾಲದಲ್ಲಿ ಆ ಭಯ ಬರಿಯ ಕಲ್ಪನೆಯಾಗಿರಲಿಲ್ಲ ಎಂಬುದನ್ನು ನಾವು ಅರ್ಥಮಾಡಿಕೊಳ್ಳಬಹುದು.

ಯಾರು ಏನನ್ನು ಉಡುತ್ತಾರೆ?

ನಾಗಾ ಹೆಂಗಸರ ಉಡುಪಿನಲ್ಲಿ ಮುಖ್ಯವಾದುದು ಸೊಂಟಕ್ಕೆ ಸುತ್ತಿ ಸಿಕ್ಕಿಸುವ ಬಟ್ಟೆ. ಹೊರಗಿನವರ ಜೊತೆ ಮಾತನಾಡುವಾಗ ಅದನ್ನು ಅಸ್ಸಾಮಿ ಭಾಷೆಯ 'ಮೇಖೇಲಾ' ಎಂಬ ಹೆಸರಿನಿಂದ ಕರೆಯುತ್ತಾರೆ. ಸೊಂಟಪಟ್ಟಿ ಎಂಬ ಅರ್ಥದ ನಮ್ಮ 'ಮೇಖಲೆ' ನಿಮಗೆ ನೆನಪಾಗಬಹುದು. ಆದರೆ ಅವರವರ ಭಾಷೆಯಲ್ಲಿ ಅವರವರದೇ ಹೆಸರು ಇದೆ. ಸುಮಿಗಳಿಗೆ ಅದು 'ಮಿನಿ', ತಾಂಗ್ಖುಲರಿಗೆ 'ಕಶಾನ್'. ಮೇಲೆ ಹೊದೆಯಲು ಶಾಲು.

ಅಂಗಾಮಿಗಳಲ್ಲಿ ಬಿಳಿ ನೆಲದ ಮೇಲೆ ಕೆಂಪು, ಕಪ್ಪು ಪಟ್ಟೆಗಳಿರುವ 'ಲೊರಾಮ್‌ಹೌಶು' ಎಂಬ ಬಟ್ಟೆಯನ್ನು ಗಂಡಸರೂ ಹೆಂಗಸರೂ ಬಳಸುತ್ತಾರೆ. ತಾಂಗ್ಖುಲ್ ಕಶಾನ್‌ಗಳಲ್ಲಿ ಕೆಂಪು ಎದ್ದು ಕಾಣುತ್ತದೆ. ಆವೋಗಳಲ್ಲಿ ಇನ್ನೂ ಸೂಕ್ಷ್ಮವಾದ ಭೇದಗಳಿದ್ದವು. ಹೆಣ್ಣುಮಗಳು ಯಾವ ಕುಲದವಳು, ಯಾವ ಹಳ್ಳಿಯವಳು, ಚೊಂಗ್ಲಿ ಮತ್ತು ಮೊಂಗ್ಸೆನ್ ಎಂಬ ಎರಡು ಗುಂಪುಗಳಲ್ಲಿ ಯಾವುದಕ್ಕೆ ಸೇರಿದವಳು ಎಂಬುದರ ಮೇಲೆ ಅವಳ ಸುತ್ತುಬಟ್ಟೆಯ ಪಟ್ಟೆಗಳೂ ಒಡವೆಗಳೂ ಬದಲಾಗುತ್ತಿದ್ದವು. 1926ರಲ್ಲಿ ಆವೋಗಳ ಬಗ್ಗೆ ಪುಸ್ತಕ ಬರೆದ ಜೆ. ಪಿ. ಮಿಲ್ಸ್ ಇಂಥ ಭೇದಗಳನ್ನು ವಿವರವಾಗಿ ಗುರುತಿಸಿದ್ದಾರೆ.

ಬಟ್ಟೆಯಷ್ಟೇ ಅಲ್ಲ, ಕೂದಲೂ ಮಾತಾಡುತ್ತಿತ್ತು. ಹಿಂದಿನ ಕಾಲದಲ್ಲಿ ಅಂಗಾಮಿ ಹುಡುಗಿಯರು ಮದುವೆಯಾಗುವವರೆಗೆ ತಲೆ ಬೋಳಿಸಿಕೊಂಡಿರುತ್ತಿದ್ದರು; ಮದುವೆಯಾದ ಮೇಲೆ ಕೂದಲು ಬೆಳೆಸುತ್ತಿದ್ದರು. ನಮ್ಮಲ್ಲಿ ಬೋಳು ತಲೆಗೆ ಬೇರೆ ಅರ್ಥವಿತ್ತು ಎಂಬುದು ನಿಮಗೆ ಗೊತ್ತು. ಒಂದು ಕಡೆ ದುಃಖದ ಗುರುತಾದದ್ದು ಇನ್ನೊಂದು ಕಡೆ ಕನ್ಯೆಯ ಗುರುತು. ನಮ್ಮ ಕಣ್ಣಿನಿಂದಲೇ ಬೇರೆಯವರ ಉಡುಗೆ ತೊಡುಗೆಯನ್ನು ಅಳೆಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆವೋ ಹುಡುಗಿಯರಿಗೆ ಹಚ್ಚೆಯೂ ಒಂದು ಒಡವೆಯಾಗಿತ್ತು. ಗಲ್ಲ, ಕಾಲು ಮೊದಲಾದ ಕಡೆ ಹಚ್ಚೆ ಹಾಕುವವರು ವಯಸ್ಸಾದ ಹೆಂಗಸರೇ. ಗಂಡಸರು ಆ ಸ್ಥಳಕ್ಕೆ ಬರುವಂತಿರಲಿಲ್ಲ. ಬೆತ್ತದ ಮುಳ್ಳಿನಿಂದ ಚುಚ್ಚಿ ಬಣ್ಣ ತುಂಬುವ ಈ ಕೆಲಸ ನೋವಿನದು. ಆದರೂ ಹುಡುಗಿ ಅದನ್ನು ಸಹಿಸಿ ಬಂದರೆ ದೊಡ್ಡವಳಾದಳು ಎಂದು ಲೆಕ್ಕ. ಈಗ ಆ ಪದ್ಧತಿ ನಿಂತುಹೋಗಿದೆ.

ಔತಣ ಕೊಟ್ಟವರ ಬಟ್ಟೆ

ಈಗ ನಾಗಾ ಉಡುಪಿನ ಅತ್ಯಂತ ಮುಖ್ಯವಾದ ಸಂಗತಿಗೆ ಬರೋಣ. ಕೆಲವು ಬಟ್ಟೆಗಳನ್ನು ಹಣ ಕೊಟ್ಟು ಕೊಳ್ಳುವಂತಿರಲಿಲ್ಲ. ಅವುಗಳನ್ನು ಸಂಪಾದಿಸಬೇಕಾಗಿತ್ತು.

ಸಂಪಾದಿಸುವ ದಾರಿಗಳಲ್ಲಿ ಒಂದು ಯುದ್ಧದ ಪರಾಕ್ರಮ. ಆವೋಗಳ 'ತ್ಸುಂಗ್‌ಕೋತೆಪ್ಸು' ಎಂಬ ಪ್ರಸಿದ್ಧ ಶಾಲು ಅಂಥದು. ಅದರ ನಡುವಿನ ಬಿಳಿ ಪಟ್ಟಿಯ ಮೇಲೆ ಮಿಥುನ್, ಆನೆ, ಹುಲಿ, ಹುಂಜ, ಈಟಿ, ಮನುಷ್ಯರ ತಲೆ ಮುಂತಾದ ಚಿತ್ರಗಳನ್ನು ಕಪ್ಪು ಬಣ್ಣದಲ್ಲಿ ಬರೆಯುತ್ತಾರೆ. ಬಟ್ಟೆ ನೇಯುವವರು ಹೆಂಗಸರು, ಚಿತ್ರ ಬರೆಯುವವರು ಗಂಡಸರು, ಹೊದೆಯುವ ಹಕ್ಕು ಗಂಡಸರಿಗೆ ಮಾತ್ರ. ನೇಯ್ದವಳೇ ಅದನ್ನು ಹೊದೆಯುವಂತಿಲ್ಲ.

ಇನ್ನೊಂದು ದಾರಿ ಊರಿಗೆ ಔತಣ ಕೊಡುವುದು. ಇದು ಹೆಂಗಸರಿಗೆ ನೇರವಾಗಿ ಸಂಬಂಧಿಸಿದ್ದು. ಕಣಜ ತುಂಬಿದ ಮನೆಯವರು ಹಂದಿ, ಹಸು, ಕೊನೆಗೆ ಮಿಥುನ್ ಕಡಿದು, ಅಕ್ಕಿಯ ಮದ್ಯ ತಯಾರಿಸಿ ಇಡೀ ಹಳ್ಳಿಗೆ ಊಟ ಹಾಕುತ್ತಿದ್ದರು. ಮಿಥುನ್ ಎಂದರೆ ನಮ್ಮ ಕಾಡಿನ ಕಾಟಿಯ ಹತ್ತಿರದ ನೆಂಟ. ಬೆಟ್ಟದ ಜನ ಸಾಕುವ ಬೆಲೆಬಾಳುವ ಪ್ರಾಣಿ. ಇಂಥ ಔತಣಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಇದ್ದವು. ಒಂದೊಂದು ಮೆಟ್ಟಿಲು ಏರಿದಾಗಲೂ ಮನೆಯ ಮುಂಭಾಗದಲ್ಲಿ ಹೊಸ ಅಲಂಕಾರ ಮಾಡಿಸುವ, ಹೊಸ ಬಗೆಯ ಬಟ್ಟೆ ಉಡುವ ಹಕ್ಕು ಸಿಗುತ್ತಿತ್ತು. ಲೋಥಾಗಳಲ್ಲಿ ಔತಣದ ಕೊನೆಯ ಹಂತದಲ್ಲಿ ದೊಡ್ಡ ಕಲ್ಲನ್ನು ಎಳೆದು ತಂದು ನಿಲ್ಲಿಸಿದವರ ಶಾಲಿನಲ್ಲಿ, ಎಷ್ಟು ಬಾರಿ ಕಲ್ಲು ಎಳೆಸಿದರು ಎಂಬುದಕ್ಕೆ ತಕ್ಕಂತೆ ಪಟ್ಟೆಗಳು ಹೆಚ್ಚುತ್ತಿದ್ದವು.

ಇಲ್ಲಿ ಎರಡು ಅಂಶಗಳನ್ನು ಗಮನಿಸಿ. ಒಂದು, ಮದುವೆಯಾಗದ ಗಂಡಸು ಸಾಮಾನ್ಯವಾಗಿ ಈ ಔತಣ ಕೊಡುವಂತಿರಲಿಲ್ಲ. ಭತ್ತ ಬಿತ್ತಿ, ಕಳೆ ಕಿತ್ತು, ಕೊಯ್ದು, ಕುಟ್ಟಿ, ಮದ್ಯ ತಯಾರಿಸುವವಳು ಹೆಂಡತಿ. ಅವಳಿಲ್ಲದೆ ಔತಣವೇ ಇಲ್ಲ. ಆದ್ದರಿಂದ ಗಂಡನಿಗೆ ಹೊಸ ಶಾಲಿನ ಹಕ್ಕು ಬಂದಂತೆ ಅನೇಕ ಜನಾಂಗಗಳಲ್ಲಿ ಹೆಂಡತಿಗೂ ವಿಶೇಷ ಬಟ್ಟೆಯ ಹಕ್ಕು ಬರುತ್ತಿತ್ತು. ಎರಡು, ಈ ಗೌರವ ಕೂಡಿಟ್ಟವರಿಗೆ ಸಿಗುತ್ತಿರಲಿಲ್ಲ, ಹಂಚಿದವರಿಗೆ ಸಿಗುತ್ತಿತ್ತು. ಕಣಜ ಖಾಲಿಯಾದಾಗ ಮೈಮೇಲಿನ ಬಟ್ಟೆ ಬದಲಾಗುತ್ತಿತ್ತು. ಇಂಥ ಬಟ್ಟೆ ಉಟ್ಟ ಹೆಂಗಸು ಹಬ್ಬದಲ್ಲಿ ನಡೆದು ಹೋದರೆ, "ಈ ತಾಯಿಯ ಮನೆಯಲ್ಲಿ ನಾವೆಲ್ಲ ಉಂಡಿದ್ದೇವೆ" ಎಂದು ಊರಿಗೆ ನೆನಪಾಗುತ್ತಿತ್ತು. ಹಕ್ಕಿಲ್ಲದವರು ಅದನ್ನು ಉಡುವುದು ಸುಳ್ಳು ಹೇಳಿದಂತೆಯೇ ಆಗುತ್ತಿತ್ತು.

ಮಣಿಸರದೊಳಗಿನ ಭೂಗೋಳ

ಒಡವೆಗಳ ವಿಷಯಕ್ಕೆ ಬರೋಣ. ನಾಗಾ ಮಹಿಳೆಯರ ಸಾಂಪ್ರದಾಯಿಕ ಒಡವೆಗಳಲ್ಲಿ ಚಿನ್ನಕ್ಕೆ ಸ್ಥಾನವಿಲ್ಲ. ಬೆಲೆಬಾಳುವವು ಕಲ್ಲಿನ ಮಣಿ, ಶಂಖ, ಗಾಜಿನ ಮಣಿ ಮತ್ತು ಹಿತ್ತಾಳೆ. ಒಂದು ಹಳೆಯ ಅಂಗಾಮಿ ಮಣಿಸರವನ್ನು ಕೈಯಲ್ಲಿ ಹಿಡಿದಿದ್ದೀರಿ ಎಂದು ಭಾವಿಸಿಕೊಳ್ಳಿ. ಅದರ ಒಂದೊಂದು ಭಾಗವೂ ಎಲ್ಲಿಂದ ಬಂದಿತು ಎಂದು ನೋಡೋಣ.

ಉದ್ದನೆಯ, ಕೆಂಗಂದು ಬಣ್ಣದ ಮಣಿಗಳು ಕಾರ್ನೀಲಿಯನ್ ಎಂಬ ಕಲ್ಲಿನವು. ಈ ಕಲ್ಲನ್ನು ಕುಲುಮೆಯಲ್ಲಿ ಕಾಯಿಸಿ ಕೆಂಪೇರಿಸಿ, ಕೊರೆದು, ಉಜ್ಜಿ ಹೊಳಪು ಕೊಡುವುದರಲ್ಲಿ ಗುಜರಾತಿನ ಖಂಭಾತ್ ಪಟ್ಟಣದ ಕುಶಲಕರ್ಮಿಗಳು ಶತಮಾನಗಳಿಂದ ಹೆಸರುವಾಸಿ. ಬಿಳಿಯ ತುಂಡುಗಳು ಶಂಖದವು. ನಮ್ಮ ದೇವರ ಕೋಣೆಯಲ್ಲಿರುವ, ಪೂಜೆಯಲ್ಲಿ ಊದುವ ಶಂಖದ ಜಾತಿಯೇ ಅದು. ತಮಿಳುನಾಡಿನ ತೀರದ ಮನ್ನಾರ್ ಕೊಲ್ಲಿ ಮುಂತಾದ ಕಡೆ ಸಮುದ್ರದಿಂದ ತೆಗೆದ ಶಂಖ ಬಂಗಾಳಕ್ಕೆ ಹೋಗುತ್ತಿತ್ತು. ಅಲ್ಲಿ ಮದುವೆಯಾದ ಹೆಂಗಸರ ಬಿಳಿ ಬಳೆಗೆ ಬಳಕೆಯಾದದ್ದು ಹೋಗಿ, ಒಂದು ಭಾಗ ನಾಗಾ ಬೆಟ್ಟಗಳನ್ನು ಹತ್ತುತ್ತಿತ್ತು. ಕಡುನೀಲಿ, ಕೆಂಪು, ಹಳದಿ ಗಾಜಿನ ಮಣಿಗಳಲ್ಲಿ ಕೆಲವು ಇಟಲಿಯ ವೆನಿಸ್ ನಗರದಲ್ಲಿ ತಯಾರಾದವು. ಎಳೆಗಳು ಒಂದರ ಮೇಲೊಂದು ಬೀಳದಂತೆ ನಡುನಡುವೆ ಮೂಳೆಯ ಪಟ್ಟಿಗಳನ್ನು ಕೊರೆದು ಹಾಕಿರುತ್ತಾರೆ. ಕುತ್ತಿಗೆಯ ಹಿಂದೆ ಕೊಂಡಿಯ ಬದಲು ಅನೇಕ ವೇಳೆ ಒಂದು ಹಳೆಯ ನಾಣ್ಯ ಇರುತ್ತದೆ. ಬ್ರಿಟಿಷರ ಕಾಲದ ನಾಣ್ಯವೇ ಗುಂಡಿಯ ಕೆಲಸ ಮಾಡುತ್ತದೆ.

ಸಮುದ್ರವನ್ನೇ ನೋಡದ ಅಜ್ಜಿಯ ಕೊರಳಲ್ಲಿ ಸಮುದ್ರದ ಶಂಖ! ಇದು ಹೇಗೆ ಸಾಧ್ಯವಾಯಿತು? ಅಸ್ಸಾಮಿನ ಬಯಲಿನ ಸಂತೆಗಳ ಮೂಲಕ ಸರಕು ಬರುತ್ತಿತ್ತು. ಅಲ್ಲದೆ ಕೊಹಿಮಾದ ಹತ್ತಿರದ ಖೊನೋಮಾ ಹಳ್ಳಿಯ ಅಂಗಾಮಿ ವ್ಯಾಪಾರಿಗಳು ಮಣಿ ಮತ್ತು ಶಂಖ ಕೊಳ್ಳಲು ಕಲ್ಕತ್ತೆ, ಮುಂಬಯಿ, ರಂಗೂನ್‌ಗಳವರೆಗೆ ಹೋಗಿಬರುತ್ತಿದ್ದರು. 'ಹೊರಜಗತ್ತಿನ ಸಂಪರ್ಕವೇ ಇಲ್ಲದ ಬೆಟ್ಟದ ಜನ' ಎಂದು ಹಳೆಯ ಪುಸ್ತಕಗಳಲ್ಲಿ ನೀವು ಓದಿದ್ದರೆ, ಈ ಮಣಿಸರವೇ ಅದಕ್ಕೆ ಉತ್ತರ.

ಬೇರೆ ಜನಾಂಗಗಳ ಒಡವೆಗಳು ಬೇರೆ. ಸುಮಿ ಹೆಂಗಸರು ಸೊಂಟದ ಸುತ್ತ ಹಲವು ಎಳೆಗಳ 'ಅಚಿಕು' ಎಂಬ ಮಣಿಪಟ್ಟಿ ಧರಿಸುತ್ತಾರೆ. ಆವೋ ಹೆಂಗಸರು ಕಿವಿಗೆ ಚೌಕಾಕಾರದ ಸ್ಫಟಿಕದ ತುಂಡುಗಳನ್ನು, ಕಪೋಲದ ಹತ್ತಿರ ಸುರುಳಿಯಾದ ಹಿತ್ತಾಳೆಯ ದೊಡ್ಡ ಬಳೆಗಳನ್ನು ಧರಿಸುತ್ತಿದ್ದರು. ಕೊನ್ಯಾಕ್ ಹೆಂಗಸರಿಗೆ ಮಣಿಸರಗಳೊಡನೆ ಹಿತ್ತಾಳೆಯ ತೋಳುಬಳೆ. ಕಾಡಿನ ಸೀತಾಳೆ ಗಿಡದ ಹಳದಿ ದಂಟಿನ ನಾರನ್ನೂ ಒಡವೆಗಳ ಅಲಂಕಾರಕ್ಕೆ ಬಳಸುತ್ತಾರೆ. ಒಣಗಿದಾಗ ಅದು ಹೊನ್ನಿನ ಬಣ್ಣದಲ್ಲಿ ಹೊಳೆಯುತ್ತದೆ.

ತಾಯಿಯಿಂದ ಮಗಳಿಗೆ

ಈ ಒಡವೆಗಳನ್ನು ಸೌಂದರ್ಯದ ದೃಷ್ಟಿಯಿಂದ ಮಾತ್ರ ನೋಡಿದರೆ ಅರ್ಧ ವಿಷಯ ಬಿಟ್ಟಂತೆ. ನಾಗಾ ಸಮುದಾಯಗಳ ಸಾಂಪ್ರದಾಯಿಕ ಕಟ್ಟಳೆಯಲ್ಲಿ ಪಿತ್ರಾರ್ಜಿತ ಭೂಮಿ ಸಾಮಾನ್ಯವಾಗಿ ಗಂಡುಮಕ್ಕಳಿಗೆ ಹೋಗುತ್ತದೆ. ಹೆತ್ತವರು ತಾವೇ ಸಂಪಾದಿಸಿದ್ದರಲ್ಲಿ ಮಗಳಿಗೆ ಕೊಡಬಹುದು. ವಂಶದ ನೆಲ ಮಾತ್ರ ವಂಶದಲ್ಲೇ ಉಳಿಯಬೇಕೆಂಬ ನಿಯಮ. ಸಂವಿಧಾನದ 371-ಎ ವಿಧಿ ನಾಗಾ ಜನರ ರೂಢಿಯ ಕಾನೂನುಗಳಿಗೆ ರಕ್ಷಣೆ ನೀಡಿದೆ. ಹೀಗಿರುವಾಗ ಹೆಣ್ಣುಮಗಳಿಗೆ ತನ್ನದೆಂದು ಉಳಿಯುವುದು ಯಾವುದು? ತಾಯಿಯ ಮಣಿಗಳು, ತಾಯಿ ನೇಯ್ದ ಬಟ್ಟೆ, ತಾಯಿ ಕಲಿಸಿದ ನೇಯ್ಗೆ.

ಮದುವೆಯಾಗಿ ಹೊರಡುವ ಮಗಳು ಮಗ್ಗದ ಕೋಲುಗಳನ್ನು, ಬಟ್ಟೆಗಳನ್ನು, ಕೊರಳ ಸರಗಳನ್ನು ಒಯ್ಯುತ್ತಾಳೆ. ಅವು ಮುಂದೆ ಅವಳ ಮಗಳಿಗೆ. ನೆಲ ತಂದೆಯಿಂದ ಮಗನಿಗೆ ಹರಿದರೆ, ಮಣಿ ತಾಯಿಯಿಂದ ಮಗಳಿಗೆ ಹರಿಯುತ್ತದೆ. ಮನೆತನದ ಇತಿಹಾಸದ ಅರ್ಧ ಭಾಗ ಈ ಎರಡನೆಯ ಹೊಳೆಯಲ್ಲಿದೆ. ಹಬ್ಬದ ದಿನ ಕೊರಳಿಗೆ ಬೀಳುವ ಭಾರ ಮುತ್ತಜ್ಜಿಯಿಂದ ಇಳಿದು ಬಂದದ್ದು. ಆದ್ದರಿಂದಲೇ ಸರದ ದಾರ ಹಳತಾದಾಗ ಅದನ್ನು ಬಿಚ್ಚಿ ಹೊಸ ದಾರಕ್ಕೆ ಪೋಣಿಸುತ್ತಾರೆ. ದಾರ ಬದಲಾದರೂ ಮಣಿ ಅದೇ ಇರುತ್ತದೆ.

ಇದನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಮಣಿ ಸಿಕ್ಕಿತು, ನೆಲ ಸಿಗಲಿಲ್ಲ ಎಂಬ ಮಾತನ್ನು ನಾಗಾ ಮಹಿಳೆಯರೇ ಇಂದು ಎತ್ತುತ್ತಿದ್ದಾರೆ. 1963ರಲ್ಲಿ ರಾಜ್ಯವಾದ ನಾಗಾಲ್ಯಾಂಡಿನ ವಿಧಾನಸಭೆಗೆ ಮೊದಲ ಬಾರಿಗೆ ಮಹಿಳೆಯರು ಆಯ್ಕೆಯಾದದ್ದು 2023ರಲ್ಲಿ: ಹೆಕಾನಿ ಜಖಾಲು ಮತ್ತು ಸಲ್ಹೌತುವೋನುವೋ ಕ್ರೂಸೆ. ದೀರ್ಘ ವಿವಾದದ ನಂತರ, ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟು ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದದ್ದು 2024ರಲ್ಲಿ.

ಔತಣ ನಿಂತಾಗ ಬಟ್ಟೆ ಏನಾಯಿತು?

1872ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಇ. ಡಬ್ಲ್ಯು. ಕ್ಲಾರ್ಕ್ ಆವೋ ಹಳ್ಳಿಗೆ ಬಂದರು. ನಿಧಾನವಾಗಿ ಕ್ರೈಸ್ತ ಧರ್ಮ ಬೆಟ್ಟಗಳಲ್ಲಿ ಹರಡಿತು. 2011ರ ಗಣತಿಯಂತೆ ನಾಗಾಲ್ಯಾಂಡಿನ ಜನರಲ್ಲಿ ನೂರಕ್ಕೆ ಸುಮಾರು 88 ಮಂದಿ ಕ್ರೈಸ್ತರು. ಮಿಷನರಿಗಳ ಜೊತೆ ಶಾಲೆ ಬಂತು, ಲಿಪಿ ಬಂತು, ಹುಡುಗಿಯರೂ ಓದಿದರು. ಅದೇ ಹೊತ್ತಿಗೆ ಪ್ರಾಣಿಬಲಿ, ಅಕ್ಕಿಯ ಮದ್ಯ, ಹಚ್ಚೆ ಇವುಗಳನ್ನು ಬಿಡಬೇಕಾಯಿತು. ಬಲಿಯೂ ಮದ್ಯವೂ ಇಲ್ಲದೆ ಹಳೆಯ ಔತಣ ನಡೆಯುವಂತಿರಲಿಲ್ಲ. ಔತಣ ನಿಂತಿತು. ಔತಣ ನಿಂತ ಮೇಲೆ ಅದರಿಂದ ಸಂಪಾದಿಸಬೇಕಾದ ಬಟ್ಟೆಯ ಗತಿ ಏನು?

ಬಟ್ಟೆ ಸಾಯಲಿಲ್ಲ, ಅದರ ಅರ್ಥ ಬದಲಾಯಿತು. ಒಂದು ಮನೆತನದ ಹಿರಿಮೆಯನ್ನು ಹೇಳುತ್ತಿದ್ದ ಶಾಲು ಇಡೀ ಜನಾಂಗದ ಗುರುತಾಯಿತು. ಇಂದು ಚರ್ಚಿನ ವಿಶೇಷ ದಿನಗಳಲ್ಲಿ, ಮದುವೆಗಳಲ್ಲಿ, ಸಭೆಗಳಲ್ಲಿ ಜನ ತಮ್ಮ ಜನಾಂಗದ ಶಾಲು ಹೊದ್ದು ಬರುತ್ತಾರೆ. ಅತಿಥಿಗಳಿಗೆ ಶಾಲು ಹೊದಿಸಿ ಗೌರವಿಸುತ್ತಾರೆ. ನೂಲೂ ಬದಲಾಗಿದೆ. ಹೊಲದ ಹತ್ತಿಯ ಜಾಗಕ್ಕೆ ಗಿರಣಿಯ ನೂಲು, ಕೃತಕ ಉಣ್ಣೆ ಬಂದಿದೆ. ಬೇರಿನ ಕೆಂಪಿನ ಜಾಗದಲ್ಲಿ ಅಂಗಡಿಯ ಕಡುಗೆಂಪು.

ಇನ್ನೊಂದು ನಷ್ಟವೂ ಆಯಿತು. ಬ್ರಿಟಿಷ್ ಅಧಿಕಾರಿಗಳೂ ಸಂಶೋಧಕರೂ ಬಟ್ಟೆ, ಒಡವೆಗಳನ್ನು ಸಂಗ್ರಹಿಸಿ ಒಯ್ದರು. ಜೆ. ಎಚ್. ಹಟನ್ ಮತ್ತು ಮಿಲ್ಸ್ ಕೊಟ್ಟ ವಸ್ತುಗಳು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿರುವ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿವೆ. ಮಿಷನರಿಗಳಿಂದ ನಾಗಾ ಉಡುಪು ಕೆಡುತ್ತಿದೆ ಎಂದು ಮಿಲ್ಸ್ ಬೇಸರಪಟ್ಟು ಬರೆದದ್ದುಂಟು. ಆದರೆ ಮೊಮ್ಮಗಳ ಕೊರಳಿಗೆ ಬರಬೇಕಾದ ಸರ ಗಾಜಿನ ಪೆಟ್ಟಿಗೆ ಸೇರಿದರೆ ಅದೂ ಒಂದು ನಷ್ಟವೇ ಅಲ್ಲವೆ?

ಇಂದಿನ ಪ್ರಶ್ನೆ

2000ನೇ ಇಸವಿಯಿಂದ ನಾಗಾಲ್ಯಾಂಡ್ ಸರ್ಕಾರ ಹಾರ್ನ್‌ಬಿಲ್ ಉತ್ಸವ ನಡೆಸುತ್ತಿದೆ. ಈಗ ಅದು ಪ್ರತಿವರ್ಷ ಡಿಸೆಂಬರ್ 1ರಿಂದ 10ರವರೆಗೆ ಕೊಹಿಮಾದಿಂದ ಸುಮಾರು 12 ಕಿಲೋಮೀಟರ್ ದೂರದ ಕಿಸಾಮಾದಲ್ಲಿ ನಡೆಯುತ್ತದೆ. ಎಲ್ಲ ಜನಾಂಗಗಳ ಉಡುಪನ್ನೂ ಒಂದೇ ಕಡೆ ನೋಡಲು ಅದೊಂದು ಅವಕಾಶ. ನೇಯುವವರಿಗೆ ಮಾರುಕಟ್ಟೆಯೂ ಸಿಕ್ಕಿದೆ. ಫೇಕ್ ಜಿಲ್ಲೆಯ ಚಿಜಾಮಿ ಹಳ್ಳಿಯಲ್ಲಿ 2008ರಲ್ಲಿ ಆರಂಭವಾದ 'ಚಿಜಾಮಿ ವೀವ್ಸ್' ಎಂಬ ಯೋಜನೆ ಸೊಂಟದ ಮಗ್ಗದ ನೇಯ್ಗೆಯಿಂದ ಹಳ್ಳಿಯ ಹೆಂಗಸರು ಮನೆಯಲ್ಲೇ ಸಂಪಾದಿಸುವಂತೆ ಮಾಡಿದೆ.

ಮಾರುಕಟ್ಟೆ ಬಂದಲ್ಲಿ ನಕಲೂ ಬರುತ್ತದೆ. ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿ ನೇಯ್ದ ಚಿತ್ತಾರವನ್ನು ಯಂತ್ರ ಕೆಲವೇ ಗಂಟೆಗಳಲ್ಲಿ ಮುದ್ರಿಸಿ ಬಿಡುತ್ತದೆ. ಬೆಲೆ ಕಡಿಮೆ, ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಿಲ್ಲ. ಇದನ್ನು ತಡೆಯುವ ಒಂದು ಹೆಜ್ಜೆಯಾಗಿ ಚಾಖೆಸಾಂಗ್ ಶಾಲಿಗೆ 2017ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರಕಿತು. ಮೈಸೂರು ರೇಷ್ಮೆಗೂ ಇಳಕಲ್ ಸೀರೆಗೂ ಇರುವ ರಕ್ಷಣೆಯೇ ಇದು. ಇದರಲ್ಲಿ ಪ್ರಶ್ನೆ ಹಣದ್ದು ಮಾತ್ರವಲ್ಲ. ಹಿರಿಯರು ಊರಿಗೆ ಉಣಿಸಿ ಪಡೆದ ಪಟ್ಟೆಯನ್ನು ಯಾರೋ ಕೈಚೀಲದ ಮೇಲೋ ಕಾಲೊರಸಿನ ಮೇಲೋ ಅಚ್ಚು ಹಾಕಿದರೆ, ಆ ಮನೆಯ ಹೆಣ್ಣುಮಗಳಿಗೆ ಏನನ್ನಿಸಬಹುದು? ನಮ್ಮ ಮನೆಯ ಗೌರವದ ವಸ್ತುವೊಂದನ್ನು ಅಲ್ಲಿಟ್ಟು ಯೋಚಿಸಿದರೆ ಉತ್ತರ ಸಿಗುತ್ತದೆ.

ಶಾಲೆಯ ವಾರ್ಷಿಕೋತ್ಸವದಲ್ಲಿ 'ನಾಗಾ ನೃತ್ಯ' ಮಾಡುವಾಗ ನಾವು ಸಿಕ್ಕ ಶಾಲು, ಸಿಕ್ಕ ಗರಿ, ಸಿಕ್ಕ ಮಣಿ ಎಲ್ಲವನ್ನೂ ಕಲಸಿ ಹಾಕಿಕೊಳ್ಳುತ್ತೇವೆ. ಗಂಡಸರ ಯುದ್ಧದ ಶಾಲನ್ನು ಹುಡುಗಿಯರು ಹೊದೆಯುವುದೂ ಉಂಟು. ದುರುದ್ದೇಶದಿಂದ ಮಾಡಿದ್ದಲ್ಲ, ತಿಳಿಯದೆ ಮಾಡಿದ್ದು. ಆದರೆ ತಿಳಿದುಕೊಳ್ಳುವುದು ಈಗ ಕಷ್ಟವೂ ಅಲ್ಲ. ಬೆಂಗಳೂರಿನ ಕಾಲೇಜುಗಳಲ್ಲಿ ನಾಗಾಲ್ಯಾಂಡ್, ಮಣಿಪುರದ ವಿದ್ಯಾರ್ಥಿಗಳು ಓದುತ್ತಿದ್ದಾರೆ. 2012ರ ಆಗಸ್ಟ್‌ನಲ್ಲಿ ಸುಳ್ಳು ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಊರಿನಿಂದ ರೈಲು ಹತ್ತಿ ಹೊರಟುಹೋದರು. ಪಕ್ಕದಲ್ಲಿ ಕುಳಿತವರ ಬಗ್ಗೆ ನಮಗೆ ಏನೂ ಗೊತ್ತಿಲ್ಲದಾಗ, ನಮ್ಮ ಬಗ್ಗೆ ಅವರಿಗೆ ನಂಬಿಕೆ ಹುಟ್ಟುವುದು ಹೇಗೆ?

ಮುಂದಿನ ಬಾರಿ ಅಂಥ ಸಹಪಾಠಿಯೊಬ್ಬಳು ಕಾಲೇಜಿನ ಸಮಾರಂಭಕ್ಕೆ ತನ್ನೂರಿನ ಬಟ್ಟೆ ಉಟ್ಟು ಬಂದರೆ, "ಚೆಂದದ ವೇಷ" ಎನ್ನುವ ಬದಲು "ಇದು ಯಾವ ಊರಿನದು? ಯಾರು ನೇಯ್ದದ್ದು?" ಎಂದು ಕೇಳಿ ನೋಡಿ. "ನನ್ನ ಅಮ್ಮ" ಎಂದೋ "ನನ್ನ ಅಜ್ಜಿ" ಎಂದೋ ಉತ್ತರ ಬರಬಹುದು. ಅಲ್ಲಿಂದ ಮುಂದಿನ ಪಾಠವನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಅವಳೇ ನಿಮಗೆ ಹೇಳಿಕೊಡುತ್ತಾಳೆ.

ಯೋಚಿಸಿ, ಚರ್ಚಿಸಿ

1. ಸೊಂಟದ ಮಗ್ಗದ ಬಟ್ಟೆಯನ್ನು ಪಟ್ಟಿಗಳಾಗಿ ನೇಯ್ದು ಹೊಲಿಯುವುದೇಕೆ? ಮಗ್ಗದ ರಚನೆಗೂ ಬಟ್ಟೆಯ ರೂಪಕ್ಕೂ ಇರುವ ಸಂಬಂಧವನ್ನು ವಿವರಿಸಿ.

2. ಭಾರತದ ನಕ್ಷೆಯಲ್ಲಿ ಖಂಭಾತ್, ಮನ್ನಾರ್ ಕೊಲ್ಲಿ, ಕೋಲ್ಕತ್ತ ಮತ್ತು ಕೊಹಿಮಾ ಗುರುತಿಸಿ. ಒಂದು ಮಣಿಸರದ ಭಾಗಗಳು ಕ್ರಮಿಸಿದ ದಾರಿಯನ್ನು ಗೆರೆ ಎಳೆದು ತೋರಿಸಿ.

3. ನಿಮ್ಮ ಮನೆಯಲ್ಲಿ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ವಸ್ತು ಯಾವುದಾದರೂ ಇದೆಯೆ? ಅದು ಎಲ್ಲಿಂದ ಬಂತು ಎಂದು ಹಿರಿಯರನ್ನು ಕೇಳಿ ಬರೆಯಿರಿ. ಅದರ ಜೊತೆಗೆ ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.